ಮುನ್ನೂರು ತಟ್ಟೆ, ಒಂದು ಸುಳ್ಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಓದುವವರು ನನ್ನನ್ನು ಒಳ್ಳೆಯವಳು ಅಂದುಕೊಂಡು ಮೋಸ ಹೋಗುವುದು ಬೇಡ. ಒಡವೆ, ಸೀರೆ, ಸೈಟು ನೋಡಿ ಹುಟ್ಟುವ ಹೊಟ್ಟೆಕಿಚ್ಚಲ್ಲ ನನ್ನದು. ಎದುರುಮನೆಯವಳು ಕಸದ ಬಗ್ಗೆ ಮಾತಾಡಿದರೆ ಜನ ಚಪ್ಪಾಳೆ ತಟ್ಟುತ್ತಾರಲ್ಲ, ಅದನ್ನು ಕೇಳಿ ಹುಟ್ಟಿದ್ದು.

ಪದ್ಮನಾಭನಗರದ ನಮ್ಮ ರಸ್ತೆಯಲ್ಲಿ ನಾನು ಇಪ್ಪತ್ತೈದು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೇನೆ. ಎದುರುಮನೆಯವಳು ನನಗಿಂತ ಆರು ವರ್ಷ ಚಿಕ್ಕವಳು. ಮದುವೆಯಾಗಿ ಬಂದ ಹೊಸತರಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವುದು ಗೊತ್ತಾಗದೆ ಹೆದರಿಕೊಂಡು ನನ್ನನ್ನು ಕೂಗಿದ್ದಳು. ಅವತ್ತಿನಿಂದ ನಾನು ಅವಳಿಗೆ ಅಕ್ಕ, ನನ್ನ ಗಂಡ ಭಾವ. ರೆಗ್ಯುಲೇಟರ್ ಮುಟ್ಟುವುದಕ್ಕೆ ಹೆದರುತ್ತಿದ್ದ ಆ ಹುಡುಗಿ ಮುಂದೆ ರಾಜಕಾರಣಿಯಾದಳು. ಕೆರೆ, ಕಸ, ಮರ ಅಂತ ಮಾತಾಡುವ ಒಂದು ಸಣ್ಣ ಪಕ್ಷ ಅವಳನ್ನು ನಮ್ಮ ವಾರ್ಡಿನ ಅಭ್ಯರ್ಥಿ ಎಂದು ಘೋಷಿಸಿತು. ನಗರಪಾಲಿಕೆ ಚುನಾವಣೆ ಇವತ್ತು, ನಾಳೆ ಅನ್ನುತ್ತಾ ವರ್ಷಗಟ್ಟಲೆಯಿಂದ ಮುಂದಕ್ಕೆ ಹೋಗುತ್ತಲೇ ಇದೆ. ಆದರೂ ಅವಳು ನಾಳೆಯೇ ಮತದಾನ ಅನ್ನುವ ಹಾಗೆ ಓಡಾಡುತ್ತಿದ್ದಳು.

ಅವಳನ್ನು ಮೇಲಕ್ಕೆ ಹತ್ತಿಸಿದ್ದು ನನ್ನ ತಟ್ಟೆಗಳು. ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ನಾವು ಮೇಲಿನ ಮಹಡಿ ಕಟ್ಟಿಸಿ ಪೂಜೆ ಇಟ್ಟುಕೊಂಡಿದ್ದೆವು. ಊಟವಾದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಟ್ಟೆಗಳನ್ನೆಲ್ಲ ಮೂಟೆ ಕಟ್ಟಿ ರಸ್ತೆ ಕೊನೆಯ ಟ್ರಾನ್ಸ್‌ಫಾರ್ಮರ್ ಪಕ್ಕ ಇಟ್ಟೆವು. ಕಸದ ಆಟೋದವನು ಮುಟ್ಟಲಿಲ್ಲ. ನಾಯಿಗಳು ಮೂಟೆ ಹರಿದವು. ಮೂರು ದಿನ ನಮ್ಮ ಪಾಯಸ, ನಮ್ಮ ಪಲ್ಯ, ಎಲ್ಲರ ಗೇಟಿನ ಮುಂದೆ ಕೊಳೆತು ನಾರಿತು. ನಾಚಿಕೆಯಿಂದ ಸತ್ತುಹೋದೆ. ಆ ವಾರವೇ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಐವತ್ತು ಸ್ಟೀಲ್ ತಟ್ಟೆ ತಂದೆ. ‘ಇನ್ನು ಈ ರಸ್ತೆಯಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಇದರಲ್ಲೇ ಊಟ. ಒಯ್ಯಿರಿ, ತೊಳೆದು ವಾಪಸ್ ಕೊಡಿ’ ಅಂದೆ. ಅವಳು ಮನೆಮನೆಗೂ ಹೋಗಿ ಇನ್ನಷ್ಟು ತಟ್ಟೆ ಕೇಳಿ ತಂದಳು. ಒಬ್ಬೊಬ್ಬರ ತಟ್ಟೆಯ ಅಂಚಿನಲ್ಲಿ ಒಂದೊಂದು ಬರಹ ಕೊರೆದಿತ್ತು: ಯಾರದೋ ಅಜ್ಜಿಯ ಹೆಸರು, ಯಾರದೋ ಮದುವೆಯ ತಾರೀಕು. ಒಟ್ಟು ಮುನ್ನೂರಾಯಿತು. ನಮ್ಮ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಜೋಡಿಸಿ ಬೀಗ ಹಾಕಿದೆ. ಜನ ಅದನ್ನು ತಟ್ಟೆ ಬ್ಯಾಂಕ್ ಅಂತ ಕರೆದರು.

ನಿಯಮ ಮಾಡಿದವಳೂ ನಾನೇ. ಬಾಡಿಗೆ ಇಲ್ಲ. ಆದರೆ ಹತ್ತು ದಿನ ಮುಂಚೆ ಬಂದು ಪುಸ್ತಕದಲ್ಲಿ ಬರೆಯಬೇಕು. ವಾಪಸ್ ಬಂದ ತಟ್ಟೆಯಲ್ಲಿ ಎಣ್ಣೆಜಿಡ್ಡು ಇದ್ದರೆ ಇನ್ನೊಂದು ಸಲ ತೊಳೆಯಲು ಕಳಿಸುತ್ತಿದ್ದೆ, ಯಾರೇ ಆಗಲಿ. ಟ್ಯೂಷನ್ ಟೀಚರ್ ಅಲ್ಲವೇ, ಸ್ಟೆಪ್ಸ್ ಬಿಟ್ಟರೆ ಮಾರ್ಕ್ಸ್ ಕಟ್.

ಒಂದು ದಿನ ಅವಳು ಒಬ್ಬ ವರದಿಗಾರ್ತಿಯನ್ನು ಕರೆದುಕೊಂಡು ಬಂದಳು. ನಾನು ಹೊಸ ಸೀರೆ ಉಟ್ಟು ತಟ್ಟೆಗಳ ಪಕ್ಕ ನಿಂತೆ. ಮಾರನೆಯ ದಿನ ಪತ್ರಿಕೆಯಲ್ಲಿ ತಟ್ಟೆ ಇತ್ತು, ನಗುತ್ತಿರುವ ಅವಳಿದ್ದಳು, ಅಂಚಿನಲ್ಲಿ ಒಂದು ಮೊಣಕೈ ಇತ್ತು. ಮೊಣಕೈ ನನ್ನದು. ‘ಅಯ್ಯೋ ಅಕ್ಕಾ, ನಿಮ್ಮನ್ನ ಕಟ್ ಮಾಡ್ಬಿಟ್ಟಿದಾರೆ, ನಂಗೆ ಸಖತ್ ಬೇಜಾರಾಯ್ತು’ ಅಂತ ಓಡಿಬಂದಳು. ಬೇಜಾರು ಆಗಿದ್ದೂ ನಿಜವೇ ಇರಬೇಕು. ನಾನು ‘ಬಿಡೇ, ನನಗ್ಯಾಕೆ ಅದೆಲ್ಲ’ ಅಂದು ಕಾಫಿ ಕೊಟ್ಟೆ. ಅವಳು ಹೋದ ಮೇಲೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಒಗ್ಗರಣೆ ಡಬ್ಬಿಯ ಕೆಳಗೆ ಹಾಸಿದೆ.

ಆಮೇಲೆ ನನ್ನ ಮಾತೂ ಹೋಯಿತು. ಒಮ್ಮೆ ಅವಳ ಜೊತೆ ಹಿತ್ತಿಲಿನಲ್ಲಿ ತಟ್ಟೆ ಒರೆಸುತ್ತಾ, ‘ಮನೆಗೆ ಬಂದವರ ಮೇಲೆ ಗೌರವ ಇದ್ದರೆ ಬಿಸಾಡೋ ತಟ್ಟೇಲಿ ಊಟ ಹಾಕ್ಬಾರ್ದು’ ಅಂದಿದ್ದೆ. ಸುಮ್ಮನೆ, ಬೆನ್ನು ನೋಯುತ್ತಿದ್ದಾಗ ಬಂದ ಮಾತು. ಎರಡು ತಿಂಗಳ ನಂತರ ಬನಶಂಕರಿಯ ಒಂದು ಸಭೆಯಲ್ಲಿ ಅವಳು ಅದನ್ನೇ ಹೇಳಿದಳು. ಎಂಥಾ ಚಪ್ಪಾಳೆ! ಮುಂದೆ ಅದು ಕರಪತ್ರಕ್ಕೂ ಹೋಯಿತು, ಆಟೋಗಳ ಹಿಂದೆ ಅಂಟಿಸುವ ಕಾಗದಕ್ಕೂ ಹೋಯಿತು. ಮಾತಿಗೇನು ಬೀಗ ಹಾಕಲು ಆಗುತ್ತದೆಯೇ?

ಅವಳ ವಿಚಾರಗಳೆಲ್ಲ ನನಗೆ ಒಪ್ಪಿಗೆ ಇರಲಿಲ್ಲ. ಹಸಿ ಕಸ ವಾರ್ಡು ದಾಟಬಾರದು, ಇಲ್ಲೇ ಗೊಬ್ಬರ ಮಾಡಬೇಕು ಅನ್ನುತ್ತಿದ್ದಳು; ಸರಿ. ಪುಟ್ಟೇನಹಳ್ಳಿ ಕೆರೆ ಇರಲಿ, ಬೇಗೂರು ಕೆರೆ ಇರಲಿ, ಸುತ್ತ ಟೈಲ್ಸ್ ಹಾಕಿ ದೀಪ ನೆಟ್ಟರೆ ಕೆರೆ ಉಳಿಯುವುದಿಲ್ಲ, ಕೊಳಚೆನೀರು ನಿಲ್ಲಿಸಿದರೆ ಉಳಿಯುತ್ತದೆ ಅನ್ನುತ್ತಿದ್ದಳು, ಅದೂ ಸರಿ. ಆದರೆ ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸುವವರು ಶುಲ್ಕ ಕಟ್ಟಬೇಕು ಅಂದಾಗ ನನ್ನ ಗಂಡನಿಗೆ ಮೈಯೆಲ್ಲ ಉರಿಯಿತು. ನಮ್ಮ ಕಾರು ಹನ್ನೆರಡು ವರ್ಷದಿಂದ ರಸ್ತೆಯ ಮೇಲೇ ನಿಂತಿದೆ. ‘ಭಾವ, ರಸ್ತೆ ನಿಮ್ಮದೂ ಅಲ್ಲ ನಮ್ಮದೂ ಅಲ್ಲ, ನಡೆಯೋರದು’ ಅಂತ ಅವರ ಮುಖಕ್ಕೇ ಹೇಳಿದಳು. ಹೇಳುವ ಮೊದಲು ತನ್ನ ಕಾರು ಮಾರಿದ್ದಳು. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಮೊದಲು ತಾನು ಮಾಡಿ ಆಮೇಲೆ ಹೇಳುವವರನ್ನು ಏನಂತ ಬೈಯುವುದು?

ಬೇರೆ ಪಕ್ಷದವರು ಮನೆಯಲ್ಲಿ ಏನು ತಿನ್ನುತ್ತಾರೆ, ಎಷ್ಟು ಕಾರು ಇಟ್ಟಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಇವಳ ಮನೆಯ ಕಸದ ಬುಟ್ಟಿಯನ್ನು ಮಾತ್ರ ಎಲ್ಲರೂ ಇಣುಕಿ ನೋಡುತ್ತಿದ್ದರು. ಒಮ್ಮೆ ಅವಳ ಮನೆಗೆ ಎಸಿ ಬಂತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಗುಸುಗುಸು. ಅವಳು ನೇರವಾಗಿ ಬರೆದಳು: ಅತ್ತೆಗೆ ಉಸಿರಾಟದ ತೊಂದರೆ, ಡಾಕ್ಟರು ಹೇಳಿದ್ದಾರೆ, ಅವರ ಕೋಣೆಗೆ ಮಾತ್ರ, ಬಂದು ನೋಡಬಹುದು. ಇಬ್ಬರು ನಿಜವಾಗಿಯೂ ಹೋಗಿ ನೋಡಿಬಂದರು! ಅವಳು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳಂತೆ.

ಅವಳ ಗಂಡ ಇನ್ನೊಂದು ಸಂಕಟ. ಅವಳು ಸಭೆ ಮುಗಿಸಿ ಬರುವ ಹೊತ್ತಿಗೆ ಅನ್ನ ಸಾರು ಮಾಡಿಟ್ಟು, ಬಟ್ಟೆ ಮಡಿಸುತ್ತಾ ಕಾಯುತ್ತಿರುತ್ತಾನೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಾಣುತ್ತದೆ. ನನ್ನ ಗಂಡ ಕೆಟ್ಟವರಲ್ಲ, ಆದರೆ ಅವರು ಅಡುಗೆಮನೆಗೆ ಬಂದರೆ ಏನೋ ಖಾಲಿಯಾಗಿದೆ ಎಂದೇ ಅರ್ಥ. ನಾನೂ ಬಸ್ ಹತ್ತಿ ಕೆರೆ ಸಭೆಗಳಿಗೆ ಹೋಗುತ್ತಿರಲಿಲ್ಲವೇ, ಸಂಜೆ ಐದಕ್ಕೆ ಬ್ಯಾಚು, ಆರೂವರೆಗೆ ಇನ್ನೊಂದು ಬ್ಯಾಚು ಇಲ್ಲದೇ ಇದ್ದಿದ್ದರೆ? ಹೋಗುತ್ತಿದ್ದೆನೋ ಇಲ್ಲವೋ. ಹಾಗಂತ ಅಂದುಕೊಂಡರೆ ಸಮಾಧಾನ, ಅಷ್ಟೇ.

ಅವಳ ಮಗಳ ನಿಶ್ಚಿತಾರ್ಥ ನಿಗದಿಯಾಯಿತು. ಅವರದೇ ತಾರಸಿಯ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನದ ಊಟ. ಅದರ ಹಿಂದಿನ ಭಾನುವಾರ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಪಕ್ಷದ ಒಂದು ಕಾರ್ಯಕ್ರಮವಿತ್ತು, ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ವೇದಿಕೆಯ ಮೇಲೆ ತಟ್ಟೆ ಬ್ಯಾಂಕಿನ ವಿಷಯ ಬಂತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ಸೆರಗು ಸರಿಮಾಡಿಕೊಂಡೆ. ಅವಳು ನನ್ನತ್ತ ಕೈ ತೋರಿಸಿ, ‘ಅಲ್ಲಿ ಕೂತಿದಾರಲ್ಲ, ನಮ್ಮ ಅಕ್ಕ. ತಟ್ಟೆ ಎಲ್ಲಾ ಅವರೇ ನೋಡ್ಕೊಳ್ತಾರೆ’ ಅಂದಳು. ಜನ ಪ್ರೀತಿಯಿಂದ ಚಪ್ಪಾಳೆ ತಟ್ಟಿದರು. ತಟ್ಟೆ ನೋಡಿಕೊಳ್ಳುವವಳು! ಛತ್ರದಲ್ಲಿ ಪಾತ್ರೆಗೆ ಕಾವಲು ಕೂತವರ ಬಗ್ಗೆ ಹೇಳುವ ಹಾಗೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಜಾಗ ಖಾಲಿಯಿದ್ದರೂ ಹಿಂದೆ ಹೋಗಿ ನಿಂತೆ.

ಮಂಗಳವಾರ ಅವಳ ಫೋನು ಬಂತು.

‘ಅಕ್ಕಾ, ಶುಕ್ರವಾರಕ್ಕೆ ನಮ್ಮ ತಟ್ಟೆ ಎತ್ತಿಟ್ಟಿದೀರಿ ತಾನೆ? ಈ ಗಲಾಟೇಲಿ ಬುಕ್ಕಲ್ಲಿ ಬರೆಯೋದೇ ಮರ್ತ್‌ಹೋಯ್ತು ನೋಡಿ.’

ಪುಸ್ತಕ ನನ್ನ ಮುಂದೆಯೇ ಇತ್ತು. ಶುಕ್ರವಾರದ ಜಾಗ ಖಾಲಿ. ‘ನಮ್ಮ ತಟ್ಟೆ’ ಅಂದಳಲ್ಲ, ಅಲ್ಲಿ ನನಗೆ ಚುರ್ ಅಂದಿತು.

‘ಅಯ್ಯೋ, ಶುಕ್ರವಾರ ಬೇರೆಯವರು ತಗೊಂಡಿದಾರೆ ಕಣೇ’ ಅಂದೆ. ‘ನೀನು ಮೊದ್ಲೇ ಹೇಳ್ಬಾರ್ದಿತ್ತಾ?’

‘ಮುನ್ನೂರೂನಾ?’

‘ಮುನ್ನೂರೂ.’

‘ಹೋಗ್ಲಿ ಬಿಡಿ ಅಕ್ಕ. ರೂಲ್ಸ್ ಅಂದ್ರೆ ರೂಲ್ಸ್. ನಾನು ಏನಾದ್ರೂ ಮಾಡ್ತೀನಿ. ನೀವು ಮಾತ್ರ ಬೆಳಿಗ್ಗೇನೇ ಬಂದ್ಬಿಡ್ಬೇಕು’ ಅಂದಳು.

ಫೋನಿಟ್ಟ ಮೇಲೆ ತಕ್ಷಣ ವಾಪಸ್ ಮಾಡಿ ‘ತಪ್ಪು ನೋಡಿದ್ದೆ, ಖಾಲಿ ಇದೆ’ ಅನ್ನಬಹುದಿತ್ತು. ಮೂರು ದಿನ ಸಮಯವಿತ್ತು. ಅನ್ನಲಿಲ್ಲ. ಒಂದು ಸಲವಾದರೂ ಅವಳು ನನ್ನ ಹತ್ತಿರ ಬಂದು ಬೇಡಿಕೊಳ್ಳಲಿ, ಆಗ ಯಾರನ್ನೋ ಒಪ್ಪಿಸಿದ ಹಾಗೆ ಮಾಡಿ ಕೊಡೋಣ ಅಂತಿತ್ತು ನನ್ನ ಲೆಕ್ಕ. ಅವಳು ಬೇಡಲು ಬರಲಿಲ್ಲ. ಅಡುಗೆ ಕಾಂಟ್ರಾಕ್ಟರಿಗೆ ಹೇಳಿ ನೂರೈವತ್ತು ಅಡಿಕೆ ಹಾಳೆ ತಟ್ಟೆ ತರಿಸಿದಳು.

ಶುಕ್ರವಾರ ಬೀಗರು ದಾವಣಗೆರೆ ಕಡೆಯಿಂದ ಒಂದು ಬಸ್ಸಿನಲ್ಲಿ ಬರುತ್ತೇವೆ ಅಂದಿದ್ದವರು ಎರಡು ಬಸ್ಸಿನಲ್ಲಿ ಬಂದರು. ಹಾಳೆ ತಟ್ಟೆ ಅರ್ಧ ಊಟಕ್ಕೇ ಮುಗಿಯಿತು. ಅವಳು ಮಗಳ ಪಕ್ಕ ನಿಂತು ಉಡಿ ತುಂಬಿಸುವುದರಲ್ಲಿದ್ದಳು. ಅಡುಗೆಯವರು ಯಾರನ್ನೂ ಕೇಳದೆ ಮೂಲೆ ಅಂಗಡಿಯಿಂದ ಬೆಳ್ಳಿಬಣ್ಣದ ಬಿಸಾಡುವ ತಟ್ಟೆ, ಪ್ಲಾಸ್ಟಿಕ್ ಲೋಟ ತರಿಸಿ ಬಡಿಸಿಬಿಟ್ಟರು. ತಾರಸಿಯ ಮೂಲೆಯಲ್ಲಿ ರಾಶಿ ಬಿದ್ದಿತು. ನಾನು ಅದನ್ನು ನೋಡಿದೆ. ರಸ್ತೆಯ ಆಚೆ ನನ್ನ ಕೋಣೆಯಲ್ಲಿ ಮುನ್ನೂರು ತಟ್ಟೆ ಸುಮ್ಮನೆ ಕೂತಿದ್ದವು.

‘ದೊಡ್ಡಮ್ಮ, ಬನ್ನಿ ಫೋಟೋ’ ಅಂತ ಹುಡುಗಿ ಕರೆದಳು. ನನ್ನ ಫೋನಿನಲ್ಲೇ ಯಾರೋ ತೆಗೆದುಕೊಟ್ಟರು. ಮನೆಗೆ ಬಂದು ನೋಡಿದೆ. ಹುಡುಗ, ಹುಡುಗಿ, ನಾನು. ಹಿಂದೆ ಬೆಳ್ಳಿಬಣ್ಣದ ತಟ್ಟೆ ಹಿಡಿದು ಊಟ ಮಾಡುತ್ತಿರುವ ಬೀಗರು, ಅವರ ಹಿಂದೆ ಆ ರಾಶಿ. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಕತ್ತರಿಸಿ ಕಳಿಸಬಹುದಿತ್ತು, ನನಗೆ ಬರುತ್ತದೆ, ಮಕ್ಕಳಿಗೆ ಪ್ರಶ್ನೆಪತ್ರಿಕೆ ಹಾಗೆಯೇ ಕತ್ತರಿಸಿ ಕಳಿಸುತ್ತೇನೆ. ಕತ್ತರಿಸಲಿಲ್ಲ. ‘ಮಕ್ಕಳಿಗೆ ಶುಭವಾಗಲಿ’ ಅಂತ ಬರೆದು, ಎರಡು ಹೂವು ಹಾಕಿ, ಬಡಾವಣೆಯ ಗುಂಪಿಗೆ ಕಳಿಸಿದೆ.

ಮಾರನೆಯ ಬೆಳಿಗ್ಗೆ ಯಾರೋ ಆ ರಾಶಿಯ ಸುತ್ತ ಕೆಂಪು ವೃತ್ತ ಎಳೆದಿದ್ದರು. ಕೆಳಗೆ ಅವಳ ಕರಪತ್ರದ ಮಾತು, ಗೌರವ ಇದ್ದರೆ ಬಿಸಾಡುವ ತಟ್ಟೆಯಲ್ಲಿ ಊಟ ಹಾಕಬೇಡಿ ಅನ್ನುವುದು. ಮಧ್ಯಾಹ್ನದೊಳಗೆ ಜೆ.ಪಿ. ನಗರದ ಗುಂಪುಗಳಿಗೆ ಹೋಗಿತ್ತು. ನಗುವ ಮುಖಗಳು, ಚಪ್ಪಾಳೆಗಳು. ದಾವಣಗೆರೆಯ ಬೀಗರಿಗೂ ತಲುಪಿ, ‘ನಮ್ಮನ್ನು ಬಿಸಾಡೋ ತಟ್ಟೇಲಿ ಊಟಕ್ಕೆ ಕೂರಿಸಿದರು ಅಂತ ಊರೆಲ್ಲ ಮಾತಾಡ್ತಿದಾರೆ’ ಅಂತ ಫೋನು ಮಾಡಿ ಬೇಸರ ಹೇಳಿಕೊಂಡರಂತೆ. ಅವಳ ಮಗಳು ಅತ್ತಳು ಅಂತ ಕೆಲಸದವಳು ಹೇಳಿದಳು. ನನಗೆ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಆಮೇಲೆ ಆ ತಣ್ಣಗಾಗಿದ್ದಕ್ಕೇ ಭಯವಾಯಿತು. ಅವತ್ತು ಎರಡು ಬ್ಯಾಚಿಗೂ ರಜೆ ಕೊಟ್ಟೆ.

ಮುಂದಿನ ಭಾನುವಾರ ಅವಳ ಮನೆಯ ಹಾಲಿನಲ್ಲಿ ಪಕ್ಷದ ಹದಿನೈದು ಜನ ಸೇರಿದರು. ಅವಳೇ ಅಭ್ಯರ್ಥಿಯಾಗಿ ಮುಂದುವರಿಯಬೇಕೇ ಬೇಡವೇ ಅನ್ನುವುದು ಅವತ್ತು ತೀರ್ಮಾನವಾಗಬೇಕಿತ್ತು. ತಟ್ಟೆ ಬ್ಯಾಂಕಿನವಳು ಅಂತ ನನ್ನನ್ನೂ ಕರೆದಿದ್ದರು. ಬಿಟಿಎಂ ಬಡಾವಣೆಯಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಒಬ್ಬ ಕಾರ್ಯಕರ್ತ ನೇರವಾಗಿ ಕೇಳಿದ.

‘ಮೇಡಂ, ತಟ್ಟಿ ಬ್ಯಾಂಕ್ ನಿಮ್ಮ ಮನಿ ಎದುರಿಗೇ ಐತಲ್ರಿ. ಅಲ್ಲಿಂದ ಯಾಕ ತರ್ಲಿಲ್ಲ?’

ಪುಸ್ತಕ ತೋರಿಸಿ ಅಂತ ಯಾರಾದರೂ ಅಂದರೆ ನನ್ನ ಕಥೆ ಮುಗಿದ ಹಾಗೆ.

‘ನಾನು ಬುಕ್ ಮಾಡೋದು ಮರ್ತೆ’ ಅಂದಳು ಅವಳು. ‘ತಪ್ಪು ನಂದೇ.’

ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅವಳು ನನ್ನ ಕಡೆ ನೋಡಲೂ ಇಲ್ಲ.

‘ಇದು ನಿಮ್ಮ ಮನೆ ವಿಷಯ, ಪಾಲಿಸಿಗೂ ಇದಕ್ಕೂ ಏನ್ ಸಂಬಂಧ?’ ಅಂತ ವಯಸ್ಸಾದವರೊಬ್ಬರು ಅವಳ ಪರ ಮಾತಾಡಿದರು.

‘ಸಂಬಂಧ ಇದೆ ಸಾರ್. ಗೆದ್ದ ಮೇಲೆ ನಾವು ಪ್ರತಿಯೊಬ್ಬರ ಅಡುಗೆಮನೆಗೂ ಹೋಗಿ ಕಸ ಬೇರೆ ಮಾಡಿ ಅಂತ ಹೇಳೋರು. ಅವರ ಮನೆ ನಾವು ಇಣುಕ್ತೀವಿ ಅಂದ್ಮೇಲೆ ನಮ್ಮ ಮನೆ ಅವರು ಇಣುಕೋದು ನ್ಯಾಯಾನೇ. ನಾನು ಹಿಂದೆ ಸರೀತೀನಿ.’ ಸ್ವಲ್ಪ ತಡೆದು, ‘ಅಕ್ಕನ್ನ ನಿಲ್ಸಿ’ ಅಂದಳು. ‘ತಟ್ಟೆ ಬ್ಯಾಂಕ್ ಅವರ ಐಡಿಯಾ. ಕರಪತ್ರದಲ್ಲಿರೋ ಮಾತೂ ಅವರದ್ದೇ. ನಾನು ಇಷ್ಟು ದಿನ ಹೇಳ್ಲೇ ಇಲ್ಲ, ಅದೂ ನನ್ನ ತಪ್ಪು.’

ಹದಿನೈದು ಜನ ನನ್ನ ಕಡೆ ತಿರುಗಿದರು. ನಾಚಿಕೆಯಾಯಿತು ಅಂತ ಬರೆಯಲು ಆಸೆ. ಆಗಿದ್ದು ಖುಷಿ. ಎಷ್ಟು ವರ್ಷದಿಂದ ಕಾದಿದ್ದ ಮಾತು! ಕಣ್ಣಲ್ಲಿ ನೀರು ಬಂತು. ಅವರೆಲ್ಲ ಅದನ್ನು ವಿನಯ ಅಂದುಕೊಂಡರು. ‘ನನ್ನಿಂದ ಆಗುತ್ತಾ?’ ಅಂತ ಒಂದು ಸಲ ಕೇಳಿ, ಎರಡನೇ ಸಲ ಕೇಳುವ ಮೊದಲೇ ಒಪ್ಪಿಕೊಂಡೆ.

ಅವಳಿಗೆ ಏನೂ ಗೊತ್ತಿಲ್ಲ, ಪಾಪ, ಅಂತ ನಂಬಿಕೊಂಡು ಒಂದು ತಿಂಗಳು ಆರಾಮಾಗಿ ಇದ್ದೆ. ಅಭ್ಯರ್ಥಿ ಅಂದಮೇಲೆ ಮನೆಯಲ್ಲಿ ಸಭೆ ಶುರುವಾಯಿತು. ಒಂದು ಶನಿವಾರ ಜನ ಕೂರಲು ದೊಡ್ಡ ಜಮಖಾನ ಹುಡುಕುತ್ತಿದ್ದೆ. ಗಂಡ ಪೇಪರಿನಿಂದ ತಲೆಯೆತ್ತದೆ ಹೇಳಿದರು.

‘ಎದುರುಮನೇಲಿದೆ. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಬಂದು ತಗೊಂಡ್‌ಹೋದ್ಲು. ನೀನು ಸ್ನಾನಕ್ಕೆ ಹೋಗಿದ್ದೆ, ನಾನೇ ಮೆಟ್ಟಿಲ ಕೆಳಗಿನ ರೂಮ್ ತೆಗ್ದುಕೊಟ್ಟೆ.’

ಹುಡುಕುವುದು ಬಿಟ್ಟು ಅವರ ಮುಂದೆ ಬಂದೆ. ‘ಅಲ್ಲಿ ತಟ್ಟೆ…’

‘ಹೂಂ, ತಟ್ಟೆ ಎಲ್ಲಾ ಅಡ್ಡ ಇತ್ತಲ್ಲ. ಇಬ್ರೂ ಸೇರಿ ಈಚೆಗಿಟ್ಟು ಜಮಖಾನ ಎಳ್ಕೊಂಡ್ವಿ, ಮತ್ತೆ ಒಳಗೆ ಜೋಡ್ಸಿದ್ವಿ. ತಟ್ಟೇನೂ ತಗೊಂಡ್‌ಹೋಗಮ್ಮ ಅಂದೆ. ಬೇಡ ಭಾವ, ಬೇರೆಯವರಿಗೆ ಬುಕ್ ಆಗಿದೆಯಂತೆ, ಅಕ್ಕ ಹೇಳಿದ್ರು ಅಂದ್ಲು.’

ಮುನ್ನೂರು ತಟ್ಟೆಯನ್ನು ತನ್ನ ಕೈಯಾರೆ ಎತ್ತಿ ಈಚೆಗಿಟ್ಟು, ಮತ್ತೆ ಒಳಗೆ ಜೋಡಿಸಿ ಹೋಗಿದ್ದಳು. ಅವತ್ತು ಮಧ್ಯಾಹ್ನ ಊಟಕ್ಕೆ ಬಂದ ನನ್ನ ಹಾಳೆ ತಟ್ಟೆಗೆ ತುಪ್ಪ ಬಡಿಸಿದ್ದೂ ಅವಳೇ. ನನಗೆ ಆ ಕ್ಷಣ ಬಂದದ್ದು ಪಶ್ಚಾತ್ತಾಪವಲ್ಲ. ನನ್ನ ಸುಳ್ಳು ಗೊತ್ತಿದ್ದೂ ಬಾಯಿಬಿಡದೆ ಅದರಲ್ಲೂ ನನ್ನನ್ನು ಮೀರಿಸಿದಳಲ್ಲ ಅಂತ ಮೈ ಪರಚಿಕೊಳ್ಳುವಷ್ಟು ಹೊಟ್ಟೆ ಉರಿಯಿತು. ಪಶ್ಚಾತ್ತಾಪ ನಿಧಾನವಾಗಿ, ಸಾಯಂಕಾಲದ ಹೊತ್ತಿಗೆ ಬಂತು.

ನಾಳೆ ಹೇಳಿಬಿಡುತ್ತೇನೆ ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಅವಳು ಕರಪತ್ರದ ಕಟ್ಟು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು, ನನ್ನ ಪ್ರಚಾರಕ್ಕೆ. ಪ್ರತಿ ಭಾನುವಾರ ಹಾಗೆಯೇ ಬರುತ್ತಾಳೆ. ಎರಡು ಮನೆ ಮುಗಿಯಿತು. ‘ಲೇ, ನಿನ್ನ ಹತ್ರ ಒಂದು ಮಾತು…’ ಅಂದೆ. ‘ಆಮೇಲೆ ಅಕ್ಕ, ಈ ಮನೆ ಅಂಕಲ್ ವಾಕಿಂಗ್‌ಗೆ ಹೊರಟ್ಬಿಡ್ತಾರೆ’ ಅಂತ ಮೂರನೇ ಮನೆಯ ಗಂಟೆ ಒತ್ತಿದಳು.

ಬಾಗಿಲು ತೆರೆದ ಹಿರಿಯರು ಕರಪತ್ರ ನೋಡಿ ಮುಖ ಗಂಟಿಕ್ಕಿದರು. ‘ನಿಮ್ಮನ್ನ ನಂಬಿದ್ವಮ್ಮ. ಆಮೇಲೆ ಆ ಫೋಟೋ ಬಂತು. ಈಗ ಇವರನ್ನ ಹೇಗೆ ನಂಬೋದು?’

‘ಇವರು ನನ್ನ ಥರ ಅಲ್ಲ ಅಂಕಲ್’ ಅಂದಳು ಅವಳು. ‘ಮನೇಲೊಂದು, ಆಚೆಗೊಂದು ಇಲ್ಲ. ಇಷ್ಟು ವರ್ಷದಲ್ಲಿ ಇವರು ಒಂದು ಸುಳ್ಳು ಹೇಳಿದ್ದು ನಾನು ನೋಡಿಲ್ಲ.’

ನಾನು ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಒಂದು ಚೂರು ಸಿಕ್ಕಿದ್ದರೂ ಸಾಕಿತ್ತು, ಅಲ್ಲೇ ಜಗಳ ತೆಗೆದು ಹಗುರಾಗುತ್ತಿದ್ದೆ. ಸಿಗಲಿಲ್ಲ. ಹಿರಿಯರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

‘ಹೌದಾ ಮೇಡಂ?’

‘ಹೌದು ಸಾರ್’ ಅಂದೆ.